ಹೊಡೆಯದ ಗಂಡ

"ಹೊಡೀತಿದ್ರಾ?" ವಕೀಲ ಸುಬ್ಬಯ್ಯ ಕೇಳಿದರು.

"ಇಲ್ಲ."

"ಕುಡೀತಿದ್ರಾ?"

"ಇಲ್ಲ."

ಸುಬ್ಬಯ್ಯ ಪೆನ್ನು ಕೆಳಗಿಟ್ಟರು. "ಮತ್ತೆ ಕೋರ್ಟಲ್ಲಿ ನಾನು ಏನಂತ ಹೇಳ್ಲಿ ತಾಯಿ?"

ಮನೋರಮಾಳ ಮುಖ ಬಿಸಿಯಾಯಿತು. ತಾಯಿ ದುಗ್ಗಮ್ಮ, ನೆಂಟರು, ಎಲ್ಲರದ್ದೂ ಇದೇ ಪ್ರಶ್ನೆ. ಗಂಡ ಹೂವಯ್ಯ ತೀರ್ಥಹಳ್ಳಿ ಕಡೆಯ ಹೈಸ್ಕೂಲೊಂದರ ಹೆಡ್‌ಮಾಸ್ಟರು, ಊರಿಗೆಲ್ಲ ಬೇಕಾದವನು. ಹೊಸನಗರದ ತವರಿನಲ್ಲಿ ಕೂತ ಹೆಂಡತಿಯನ್ನು ವಾಪಸು ಕಳಿಸಿಕೊಡಿ ಎಂದು ಸಾಗರದ ಕೋರ್ಟಿನಲ್ಲಿ ಅವನೇ ದಾವೆ ಹೂಡಿದ್ದ. ಅದು ೧೯೮೧ರ ಬೇಸಿಗೆ.

"ಕನ್ನಡಕ ಇಲ್ದಿದ್ರೆ ನಂಗೆ ಮಾರು ದೂರ ಕಾಣಲ್ಲ. ಸ್ಕೂಲಿಗೆ ಹೋಗೋವಾಗ ಅದನ್ನ ಬೀರುವಲ್ಲಿಟ್ಟು ಬೀಗ ಹಾಕ್ಕೊಂಡು ಹೋಗ್ತಿದ್ರು. ಒಡೆದುಹೋಗ್ತದೆ, ಜೋಪಾನ ಅಂತ. ಅಂಗಳಕ್ಕೂ ತಡವರಿಸ್ಕೊಂಡೇ ಹೋಗ್ಬೇಕು. ಅಣ್ಣ ಬಂದ್ರೆ ಗುರುತು ಸಿಗ್ಲಿಲ್ಲ. ನೋಡು, ನಿನ್ ತಂಗಿಗೆ ತಲೆ ಸರಿಯಿಲ್ಲ ಅಂತ ಅವನಿಗೆ ಹೇಳಿ ಕಳಿಸಿದ್ರು."

"ಕನ್ನಡಕದ ವಿಷಯ ಹೇಳಿದ್ರೆ ಜಡ್ಜು ನಗ್ತಾರಮ್ಮ," ಎಂದರು ಸುಬ್ಬಯ್ಯ.

ವಿಚಾರಣೆಯ ದಿನ ನ್ಯಾಯಾಧೀಶರು ಗಂಡಹೆಂಡಿರನ್ನು ಜಗಲಿಗೆ ಕಳಿಸಿದರು. ಮಾತಾಡಿ ಒಂದಾಗಿ ಬನ್ನಿ ಎಂದರು. ಸುಬ್ಬಯ್ಯ ಬಾಗಿಲ ಬಳಿಯೇ ನಿಂತರು.

"ಎಷ್ಟು ಬಡವಾಗಿದೀಯೆ! ಧೂಳು ನೋಡು," ಎನ್ನುತ್ತ ಹೂವಯ್ಯ ಅವಳ ಕನ್ನಡಕ ತೆಗೆದ. ಪಂಚೆಯಲ್ಲಿ ಒರೆಸಿದ. ತನ್ನ ಜೇಬಿಗೆ ಹಾಕಿಕೊಂಡ. ಮನೋರಮಾ ತಡೆಯಲಿಲ್ಲ. ಅವಳ ಹೆಗಲು ಕುಗ್ಗಿತು, ಕೈ ತಾನಾಗಿ ಗೋಡೆ ಹುಡುಕಿತು.

"ನಡಿ ಮನೆಗೆ. ಕಣ್ಣು ಕಾಣದೋಳನ್ನ ಬೇರೆ ಯಾರು ಸಾಕ್ತಾರೆ?" ಅವನ ದನಿ ಬೆಣ್ಣೆಯಂತಿತ್ತು.

ಸುಬ್ಬಯ್ಯನವರ ಮೈ ಉರಿಯಿತು. ಒಳಗೆ ಹೋದವರೇ ಹೂವಯ್ಯನ ಪಾಟೀಸವಾಲಿಗೆ ಎದ್ದು ನಿಂತರು.

"ನಿಮ್ಮ ಹೆಂಡತಿಗೆ ಎದುರುಗೋಡೆಯ ಗಡಿಯಾರ ಕಾಣ್ತದಾ?"

"ಪಾಪ, ಕನ್ನಡಕ ಇಲ್ದೆ ಕಾಣಲ್ಲ."

"ಕನ್ನಡಕ ಎಲ್ಲಿ?"

"ಮನೇಲಿ ಮರೆತಿರಬೇಕು ಸ್ವಾಮಿ. ಅವಳಿಗೆ ಮರೆವು ಜಾಸ್ತಿ."

"ಕೊಡಿ ಅದನ್ನ!" ಮನೋರಮಾ ಕೂಗಿದಳು. ಅಷ್ಟು ದೊಡ್ಡ ದನಿ ತನ್ನದೆಂದು ಅವಳಿಗೇ ಗೊತ್ತಿರಲಿಲ್ಲ. "ನಿಮ್ಮ ಜೇಬಲ್ಲೇ ಇದೆ. ನಾನು ಹುಚ್ಚಿ ಅಲ್ಲ. ಹುಚ್ಚಿ ಅಂತ ಎಲ್ಲರೂ ನಂಬ್ಲಿ ಅಂತ ನೀವು ಮಾಡಿದ್ದು!"

ನ್ಯಾಯಾಧೀಶರು ನಗಲಿಲ್ಲ. "ಜೇಬಲ್ಲಿರೋದನ್ನ ತೆಗೀರಿ," ಎಂದರು. ಹೂವಯ್ಯ ತೆಗೆದ.

ದಾವೆ ವಜಾ ಆಯಿತು. ಆದರೆ ತೀರ್ಪಿನ ದಿನ ಬಸ್ ಸ್ಟ್ಯಾಂಡಿನಲ್ಲಿ ದುಗ್ಗಮ್ಮ ಗೊಣಗಿದಳು: "ಒಂದು ಕನ್ನಡಕಕ್ಕೆ ಸಂಸಾರ ಮುರ್ಕೊಂಡ್ಯಲ್ಲೆ."

"ಅವ್ರು ಹೊಡೆದಿದ್ರೆ ನೀನು ಅಳ್ತಿದ್ದೆ ಅಮ್ಮ. ಕಣ್ಣು ಕಿತ್ಕೊಂಡಿದ್ದಕ್ಕೆ ನನ್ನನ್ನ ಪುಣ್ಯವಂತೆ ಅಂದೆ."

ಹೊಸನಗರದ ಬಸ್ಸಿಗೆ ದುಗ್ಗಮ್ಮ ಒಬ್ಬಳೇ ಹತ್ತಿದಳು. ಮನೋರಮಾ ಸಾಗರದಲ್ಲೇ ಉಳಿದು ಶಿಶುವಿಹಾರವೊಂದರಲ್ಲಿ ಕೆಲಸಕ್ಕೆ ಸೇರಿದಳು. ಆಗಸ್ಟಿನಲ್ಲಿ ಹೂವಯ್ಯ ಬಾವುಟ ಹಾರಿಸಿ ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡಿದನೆಂದೂ ಜನ ತುಂಬ ಮೆಚ್ಚಿದರೆಂದೂ ಯಾರೋ ಬಂದು ಹೇಳಿದರು. ಅಂದು ಸಂಜೆಯವರೆಗೂ ಅವಳು ಸಿಟ್ಟಿನಲ್ಲಿ ತನ್ನ ಕನ್ನಡಕವನ್ನು ಒರೆಸಿ ಒರೆಸಿ ಹಾಕಿಕೊಳ್ಳುತ್ತಲೇ ಇದ್ದಳು.