ಬಣ್ಣ ಒಪ್ಪುವ ಕಣ್ಣು

ಪರದೆ ಅಂಗಡಿಯವನು ನೂಲಿನ ಲಡಿಗಳನ್ನು ಬಣ್ಣದ ಮನೆಯ ಹೊಸ್ತಿಲಲ್ಲೇ ಸುರಿದು ಹೋಗಿದ್ದ. ಅವನು ಕೇಳಿದ್ದು ಇಟ್ಟಿಗೆ ಕೆಂಪು, ಸಿಕ್ಕಿದ್ದು ಪಾಚಿ ಹಸಿರು. ಅಮ್ಮನಿಲ್ಲದ ದಿನ ತಾನೇ ಅದ್ದಿ, ತಾನೇ ಒಪ್ಪಿ ಕಳಿಸಿದವನು ಮನೆಯ ಮೊಮ್ಮಗ.

ಒಣಗಿದ ಲಡಿಯನ್ನು ಬಾಗಿಲ ಬೆಳಕಿಗೆ ಹಿಡಿದು, ಮಾದರಿ ಎಳೆಯ ಜೊತೆ ಹೋಲಿಸಿ ‘ಹೂಂ’ ಅನ್ನುವುದು ಅಲ್ಲಿ ಗಂಡಸರ ಹಕ್ಕು. ಸೊಸೆ ಹಂಡೆಯ ಮುಂದೆ ಎಷ್ಟು ವರ್ಷ ಬೆಂದರೂ ಅದು ಅವಳದಲ್ಲ. ಗಂಡ ತೀರಿಕೊಂಡ, ಮಾವನ ಕಣ್ಣಿಗೆ ಪೊರೆ ಬಂತು. ಅವಳಿಗೆ ದೊಡ್ಡ ಮಗಳಿದ್ದರೂ ಹಕ್ಕು ನೇರ ಅವಳ ಮಗನಿಗೇ ಇಳಿಯಿತು.

“ನಮ್ಮ ವಂಶದಲ್ಲಿ ಇಂಥ ಕಣ್ಣು ಇರ್ಲಿಲ್ಲ. ಇದು ನಿಮ್ಮಪ್ಪನ ಕಡೇದು,” ಎಂದರು ಮಾವ ಸೊಸೆಗೆ.

ಮಾತು ನಾಟಿತು, ನಿಜವಾಗಿದ್ದರಿಂದ ಇನ್ನೂ ಆಳಕ್ಕೆ. ಅವಳಪ್ಪ ಜೀವಮಾನವಿಡೀ ಕಾಯಿ ಟೊಮೆಟೊವನ್ನೇ ಹಣ್ಣೆಂದು ಆರಿಸಿ ತಂದು ಅಮ್ಮನಿಂದ ಬೈಸಿಕೊಂಡವನು. ಬೆಳಿಗ್ಗೆಯಷ್ಟೇ ಕಣ್ಣಿನ ಡಾಕ್ಟರು ಮಗನನ್ನು ಪರೀಕ್ಷಿಸಿ, ಅವನಿಗೆ ಕೆಂಪು ಹಸಿರು ಬೇರೆಯಾಗಿ ಕಾಣುವುದಿಲ್ಲವೆಂದು, ಅದು ಹೇಗೆ ಬಂತೆಂದು ಬಿಡಿಸಿ ಹೇಳಿದ್ದರು. ಅತ್ತು ಕೂರಬಹುದಿತ್ತು. ಅವಳು ಕೈ ಒರೆಸಿಕೊಂಡು ಎದ್ದಳು.

“ಹೌದು ಮಾವ, ನನ್ನಿಂದ್ಲೇ ಬಂದಿದ್ದು. ಆದ್ರೆ ಪೂರ್ತಿ ಕೇಳಿ. ಬಣ್ಣ ಗುರುತಿಸೋ ಎಳೆ ಹೆಣ್ಣಿಗೆ ಎರಡು, ಗಂಡಿಗೆ ಒಂದೇ, ಅದೂ ತಾಯಿಯಿಂದ. ನನ್ನ ಎರಡರಲ್ಲಿ ಒಂದು ಹಾಳು, ಇನ್ನೊಂದು ನನ್ನ ಕಾಯ್ತು. ಇವನಿಗೆ ಹಾಳಾದದ್ದೇ ಸಿಕ್ತು. ಕಾಯೋಕೆ ಇನ್ನೊಂದಿಲ್ಲ.”

“ಹುಡುಗಿಗೆ?”

“ಅವಳಿಗೆ ನಿಮ್ಮ ಮಗ ಕೊಟ್ಟ ಎಳೆ ಇದೆಯಲ್ಲ, ಅದು ಗಟ್ಟಿ. ಇನ್ಮೇಲೆ ಬಾಗಿಲಲ್ಲಿ ಅವಳು ನಿಲ್ತಾಳೆ.”

“ನಾಳೆ ಅವಳ ಹೊಟ್ಟೇಲಿ ಹುಟ್ಟೋ ಗಂಡಿಗೂ ಇದೇ ಬಂದ್ರೆ?”

“ಬರಬಹುದು, ಬರದೇನೂ ಇರಬಹುದು. ಹುಟ್ಟದ ಕಣ್ಣಿಗೆ ಹೆದರಿ ಇರೋ ಕಣ್ಣಿಗೆ ಬಟ್ಟೆ ಕಟ್ಟೋಣ್ವಾ?”

“ಒಪ್ಕೊಂಬಿಡಿ ಅಜ್ಜ,” ಲಡಿ ಆಯುತ್ತಿದ್ದ ಮಗ ಹೇಳಿದ, “ಇಲ್ಲಾಂದ್ರೆ ಮುಂದಿನ ಸಲ ನೇರಳೆ ಕೇಳಿದವರಿಗೆ ನೀಲಿ ಕೊಟ್ಟೇನು.”

ಮಾವ ‘ಹೂಂ’ ಅನ್ನಲೆಂದು ಕಾದು ಕೂತರೆ ಒಲೆ ಆರುತ್ತದೆಂದು ಅವಳಿಗೆ ಗೊತ್ತಿತ್ತು. ಲಡಿಗಳ ಹಸಿರು ತೆಗೆದು ಹೊಸದಾಗಿ ಅದ್ದಿದಳು. ಮರುದಿನ ಒಣಗಿದ ಲಡಿಯನ್ನು ಮಗಳ ಕೈಗಿಟ್ಟು, ಮಾವ ಕೂತಿದ್ದ ಬಾಗಿಲಿಗೇ ಕರೆತಂದಳು.

ಮಗಳು ಮಾದರಿಯ ಪಕ್ಕ ಹಿಡಿದು ಹಿಂದೆ ಮುಂದೆ ತಿರುಗಿಸಿದಳು. “ಇಲ್ಲಮ್ಮ, ಹಳದಿ ಹೊಡೀತಿದೆ.”

ತಾಯಿ ತಾನೂ ಲಡಿಯತ್ತ ಬಗ್ಗಿದಳು. ಮೊದಲ ತೀರ್ಪೇ ತನ್ನ ಕೈಗೆಲಸದ ಮೇಲೆ, ಅದೂ ಇವರೆದುರು! ಮಾವ ಕೈಚಾಚಿ ಲಡಿ ಇಸಿದುಕೊಂಡರು. ಮೂಗಿನ ಹತ್ತಿರ ತಂದು ನೋಡಿದರು, ದೂರ ಹಿಡಿದು ನೋಡಿದರು, ಕೊನೆಗೆ ಮೊಮ್ಮಗಳಿಗೇ ಮರಳಿಸಿದರು.

“ಎಷ್ಟು ಕೆಂಪು ಬೇಕೇ ಹುಡುಗಿ? ಸರಿಯಾಗಿ ಹೇಳು, ನಿಮ್ಮಮ್ಮ ಬೆಂಕಿ ಹಾಕ್ತಿದಾಳೆ.”

ಹೌದು, ಅವಳು ಆಗಲೇ ಹಂಡೆಯ ಕೆಳಗೆ ಸೌದೆ ದೂಡುತ್ತಿದ್ದಳು.