ಹಾಲುಹಲ್ಲಿನ ಮುದುಕಿ

ನಾನು ಒಂದು ನಾಯಿಮರಿ. ನನ್ನ ಗೂಡಿನ ಮೇಲೆ ಅಂಟಿಸಿರುವ ಚೀಟಿ ಹಾಗೆ ಹೇಳುತ್ತದೆ. ವಯಸ್ಸು ಇಪ್ಪತ್ತು ದಿನ ಎಂದೂ ಅದರಲ್ಲಿ ಬರೆದಿದೆ. ನಿಜ ಹೇಳಲೇ? ನನಗೆ ಈಗ ಹದಿಮೂರು ವರ್ಷ. ಮಂಡಿ ನೋವು, ಕಣ್ಣಿಗೆ ಪೊರೆ, ಬಾಯಲ್ಲಿ ಒಂದು ಹಲ್ಲೂ ಇಲ್ಲ. ನಗಬೇಡಿ. ಅಂಗಡಿಗೆ ಬಂದವರೆಲ್ಲ ನನ್ನನ್ನು ನೋಡಿ ನಗುತ್ತಾರೆ, ನೀವಾದರೂ ಸ್ವಲ್ಪ ಕೂತು ಕೇಳಿ.

ನಾನು ಹುಟ್ಟಿದ್ದು ಊರಾಚೆಯ ಒಂದು ಬಿಳಿ ಕಟ್ಟಡದಲ್ಲಿ. ಹುಟ್ಟಿದೆ ಎನ್ನುವುದಕ್ಕಿಂತ ನನ್ನನ್ನು ಮಾಡಿದರು ಎನ್ನುವುದೇ ಸರಿ. ತಾಯಿಯ ಹೊಟ್ಟೆ ಸೇರುವ ಮೊದಲೇ, ಗಾಜಿನ ತಟ್ಟೆಯಲ್ಲಿ ಕಣ್ಣಿಗೂ ಕಾಣದಷ್ಟು ಚಿಕ್ಕದಾಗಿದ್ದಾಗಲೇ, ನನ್ನೊಳಗಿನ ಒಂದು ಎಳೆ ಕತ್ತರಿಸಿ ಬೇರೊಂದು ಎಳೆ ಜೋಡಿಸಿದ್ದರಂತೆ. ಮೈಗೆ 'ಬೆಳೆ' ಎಂದು ಹೇಳುವ ಎಳೆ ಅದು. ಡಾಕ್ಟರ್ ಪ್ರಫುಲ್ಲಾ ಎಂಬಾಕೆ ನನ್ನನ್ನು ಅಂಗೈ ಮೇಲೆ ಕೂರಿಸಿಕೊಂಡು, ನೋಡಲು ಬಂದ ವ್ಯಾಪಾರಿಗಳಿಗೆ ತೋರಿಸುತ್ತಿದ್ದರು.

"ಎರಡು ತಿಂಗಳ ಮರಿ ಎಷ್ಟಿರತ್ತೋ ಅಷ್ಟಕ್ಕೇ ನಿಂತುಬಿಡತ್ತೆ. ಸಾಯೋ ತನಕ ಹೀಗೇ ಮುದ್ದಾಗಿರತ್ತೆ."

"ಹಾಗಾದ್ರೆ ಇದಕ್ಕೆ ವಯಸ್ಸೇ ಆಗಲ್ವಾ ಮೇಡಂ?" ಎಂದು ಒಬ್ಬ ಕೇಳಿದ.

"ಆಗತ್ತೆ. ಕಾಣಲ್ಲ, ಅಷ್ಟೇ."

ಎಲ್ಲರೂ ನಕ್ಕರು. ನನ್ನ ಜೊತೆ ಇನ್ನೂ ಮೂರು ಮರಿಗಳಿದ್ದವು. ಒಂದರ ತಲೆಬುರುಡೆ ಬೆಳೆಯುವುದನ್ನು ನಿಲ್ಲಿಸಿತು, ಮಿದುಳು ನಿಲ್ಲಿಸಲಿಲ್ಲ. ಅದು ಎರಡು ದಿನ ಅತ್ತು ಸತ್ತಿತು. ಉಳಿದೆರಡು ಯಾಕೆ ಸತ್ತವೆಂದು ನನಗೆ ತಿಳಿಯದು. ನಾನು ಬದುಕಿದ್ದಕ್ಕೆ ಅಲ್ಲಿಯವರು ಸಿಹಿ ಹಂಚಿದರು.

ನನ್ನನ್ನು ಕೊಂಡವರು ಮೈಸೂರಿನ ಸರಸ್ವತಿಪುರಂನ ಜಲಜಾಕ್ಷಿಯಮ್ಮ. ಆರು ವರ್ಷದ ಮಗಳು ಮೇದಿನಿಗೆ ಆಟಕ್ಕೆಂದು. ಹೆಸರಿಡಲು ಯಾರಿಗೂ ಪುರುಸೊತ್ತಾಗಲಿಲ್ಲವೋ ಏನೋ, ಮರಿ ಮರಿ ಎನ್ನುತ್ತಾ ಅದೇ ನನ್ನ ಹೆಸರಾಯಿತು. ಮಗಳನ್ನೂ ಆಕೆ ಮುದ್ದಿಗೆ ಮರಿ ಎಂದೇ ಕರೆಯುತ್ತಿದ್ದರು. ಅಡುಗೆಮನೆಯಿಂದ "ಮರೀ, ಬಾ ಹಾಲು ಕುಡಿ" ಎಂದರೆ ಸಾಕು, ಮೇದಿನಿಯೂ ನಾನೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಓಡುತ್ತಿದ್ದೆವು. ಅಬ್ಬಾ, ಅದೆಂಥ ದಿನಗಳು! ನಾನು ನಿಜವಾಗಿ ಮರಿಯಾಗಿದ್ದದ್ದು ಆಗ ಮಾತ್ರ.

ಆ ವರ್ಷದ ಗೋಕುಲಾಷ್ಟಮಿಗೆ ಮೇದಿನಿಯ ಅಜ್ಜಿ ಚಕ್ಕುಲಿ ಮಾಡಿದ್ದರು. ಮೇದಿನಿ ಕದ್ದು ತಂದು ನನಗೊಂದು ಕೊಟ್ಟಳು. ಕಚ್ಚಿದೆ, ಟಕ್ ಎಂದಿತು. ಮುರಿದದ್ದು ಚಕ್ಕುಲಿಯಲ್ಲ, ನನ್ನ ಎಡಗಡೆಯ ಕೋರೆಹಲ್ಲಿನ ತುದಿ. "ನಮ್ಮತ್ತೆ ಚಕ್ಕುಲಿಗೆ ನಾಯಿನೂ ಸೋತುಹೋಯ್ತು" ಎಂದು ಜಲಜಾಕ್ಷಿಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅದೇ ವಾರ ಮೇದಿನಿಯದೂ ಒಂದು ಹಾಲುಹಲ್ಲು ಬಿದ್ದಿತ್ತು. ಅವಳು ಎರಡನ್ನೂ ಒಂದೇ ಸಗಣಿ ಉಂಡೆಯಲ್ಲಿ ಒತ್ತಿ, ಹೊಸ ಹಲ್ಲು ಬರಲಿ ಎಂದು ಬೇಡಿಕೊಂಡು, ಹಿತ್ತಲ ಕೊಟ್ಟಿಗೆಯ ಹೆಂಚಿನ ಮೇಲೆ ಎಸೆದಳು. ಆಮೇಲೆ ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ತನ್ನ ಬಾಯಿ ನೋಡಿಕೊಳ್ಳುವಳು, ನನ್ನ ತುಟಿ ಎತ್ತಿ ನನ್ನ ಬಾಯಿಯನ್ನೂ ನೋಡುವಳು. ಅವಳ ಹಲ್ಲು ಬಂತು. ನನ್ನದು ಬರಲಿಲ್ಲ. ಮಿಕ್ಕ ಮರಿಗಳಿಗೆ ಬೀಳುವ ಹಾಲುಹಲ್ಲು ನನಗೆ ಬೀಳಲೇ ಇಲ್ಲ.

ಹೀಗೆ ವರ್ಷಗಳು ಹೋದವು. ಮೇದಿನಿಯ ಲಂಗ ಗಿಡ್ಡವಾಗುತ್ತಾ ಬಂತು, ನನ್ನ ಬುಟ್ಟಿ ಮಾತ್ರ ಅದೇ. ನನ್ನ ಮೈಯಂತೆ ಮೂತ್ರಕೋಶವೂ ಮರಿಯದೇ, ತಾಸಿಗೊಮ್ಮೆ ಒದ್ದೆ ಮಾಡುತ್ತಿದ್ದೆ. ಮೊದಮೊದಲು ನಗುತ್ತಾ ಒರೆಸುತ್ತಿದ್ದ ಜಲಜಾಕ್ಷಿಯಮ್ಮ ಆರನೇ ವರ್ಷಕ್ಕೆ ಹಲ್ಲು ಕಚ್ಚಿಕೊಂಡು ಒರೆಸುತ್ತಿದ್ದರು. ನಾಚಿಕೆಯಿಂದ ನಾನು ಕುರ್ಚಿಯಡಿ ಸೇರುತ್ತಿದ್ದೆ. ಒಳಗೆ ನಾನು ದೊಡ್ಡವಳಾಗಿದ್ದೆ, ಸ್ವಾಮಿ. ಅದು ಅವರಿಗೆ ಹೇಗೆ ಗೊತ್ತಾಗಬೇಕು?

ಮೇದಿನಿಗೆ ಹನ್ನೆರಡು ತುಂಬಿದಾಗ ಒಂದು ಸಂಜೆ ಅವಳು ತಾಯಿಗೆ ರೇಗಿದಳು. "ಅಮ್ಮಾ, ನನ್ನನ್ನ ಮರಿ ಗಿರಿ ಅನ್ಬೇಡ ಇನ್ಮೇಲೆ. ಫ್ರೆಂಡ್ಸ್ ಎದುರಿಗೆ ಎಷ್ಟು ನಾಚಿಕೆ ಆಗತ್ತೆ ಗೊತ್ತಾ?"

"ಆಯ್ತು ಕಣಮ್ಮ, ದೊಡ್ಡವಳಾದೆ, ಬಿಡು."

ಅಷ್ಟೇ. ಒಂದು ಮಾತು ಹೇಳಿ ಅವಳು ಆ ಪದದಿಂದ ಬಿಡಿಸಿಕೊಂಡಳು. ಅವಳನ್ನು ಕಂಡು ಅವತ್ತು ನನಗೆ ಹೊಟ್ಟೆ ಉರಿಯಿತು. ಅವಳ ಆಟವೂ ನಿಂತಿತು. ನಾನು ಕಾಲಿಗೆ ಅಡ್ಡ ಬಂದರೆ "ಹೋಗು ಮರಿ, ಓದೋದಿದೆ" ಎಂದು ಸರಿಸುತ್ತಿದ್ದಳು. ಆದರೂ ಮಲಗುವ ಮುನ್ನ ಒಮ್ಮೆ ನನ್ನ ತುಟಿ ಎತ್ತಿ ಆ ಮುರಿದ ಹಲ್ಲನ್ನು ಹೆಬ್ಬೆರಳಿನಿಂದ ಸವರುವುದನ್ನು ಬಿಟ್ಟಿರಲಿಲ್ಲ. ಅದೊಂದಕ್ಕಾಗಿ ನಾನು ದಿನವಿಡೀ ಕಾಯುತ್ತಿದ್ದೆ.

ಅವಳು ಶಾಲೆಯ ಪ್ರವಾಸಕ್ಕೆ ಹೋದ ಮರುದಿನ ಜಲಜಾಕ್ಷಿಯಮ್ಮ ನನ್ನನ್ನು ಬುಟ್ಟಿಯಲ್ಲಿಟ್ಟುಕೊಂಡು ಸಾಕುಪ್ರಾಣಿಗಳ ಈ ಅಂಗಡಿಗೆ ಬಂದರು. "ಅವಳಿಗೆ ಸತ್ತುಹೋಯ್ತು ಅಂತೀನಿ. ಕೊಟ್ಬಿಟ್ಟೆ ಅಂದ್ರೆ ಹುಡುಕಿಕೊಂಡು ಬಂದುಬಿಡ್ತಾಳೆ" ಎಂದು ಕಣ್ಣೊರೆಸಿಕೊಂಡರು. ಅತ್ತರು, ನಿಜ. ಆದರೆ ಬಿಟ್ಟು ಹೋದರು. ಆಕೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಅಂಗಡಿಯ ಯಜಮಾನ ಯೋಗಾನಂದ. ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ, "ಒಳ್ಳೇದಾಯ್ತು ಬಿಡು, ಹೊಸ ಮರಿ ಥರಾನೇ ಇದೀಯ" ಎಂದ. ಹಳೆಯ ಲಸಿಕೆ ಪುಸ್ತಕ ಕಸದ ಬುಟ್ಟಿ ಸೇರಿತು. ಹೊಸ ಪುಸ್ತಕದಲ್ಲಿ ವಯಸ್ಸು ಎರಡು ತಿಂಗಳು ಎಂದು ಬರೆದ. ಮರಿಗಳಿಗೆ ಹಾಕುವ ಚುಚ್ಚುಮದ್ದನ್ನೆಲ್ಲ ಮೊದಲಿನಿಂದ ಹಾಕಿಸಿದ. ಅಲ್ಲಿಂದ ನನ್ನನ್ನು ಕೊಂಡ ಮನೆಯವರು ಎರಡು ವರ್ಷ ಇಟ್ಟುಕೊಂಡು, ಒದ್ದೆ ಒರೆಸಿ ಸಾಕಾಗಿ ವಾಪಸ್ ತಂದು ಬಿಟ್ಟರು. ಮತ್ತೆ ಹೊಸ ಪುಸ್ತಕ, ಮತ್ತೆ ಎರಡು ತಿಂಗಳು, ಮತ್ತೆ ಚುಚ್ಚು. ಇನ್ನೊಂದು ಮನೆ, ಇನ್ನೊಂದು ಪುಸ್ತಕ. ನನಗಿರುವಷ್ಟು ಹುಟ್ಟಿದ ದಿನಗಳು ಯಾವ ರಾಜನಿಗೂ ಇರಲಿಕ್ಕಿಲ್ಲ. ಹತ್ತು ದಾಟಿದ ಮೇಲೆ ಎಲ್ಲೇ ಹೋದರೂ ಮಕ್ಕಳು ಚೆಂಡು ಎಸೆದು "ತಾ, ತಾ" ಎನ್ನುವರು. ಮಂಡಿ ಕಿತ್ತುಬರುವಂತೆ ನೋಯುತ್ತಿತ್ತು. ಕುಂಟುತ್ತಾ ಹೋದರೆ, "ಪುಟಾಣಿ ಹೆಜ್ಜೆ ನೋಡು!" ಎಂದು ಚಪ್ಪಾಳೆ.

ಹನ್ನೊಂದನೇ ವಯಸ್ಸಿಗೆ ಹುಣಸೂರಿನ ಒಂದು ಮನೆಗೆ ಹೋದೆ. ಕೊಂಡವಳು ಆ ಮನೆಯ ಸೊಸೆ ಸುಕನ್ಯ. ಅವಳ ಮಾವ ಕರಿಸಿದ್ದೇಗೌಡರು ಐವತ್ತು ವರ್ಷ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವರು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವುದೇ ಅವರ ಕಸುಬು. ನಾನು ಹೋದ ದಿನವೇ ಜಗಲಿಯ ಮೇಲೆ ಕೂತು "ತತ್ತಾ ಇಲ್ಲಿ" ಎಂದು ನನ್ನನ್ನು ತೊಡೆಗೆಳೆದುಕೊಂಡು ಅಭ್ಯಾಸಬಲದಿಂದ ತುಟಿ ಎತ್ತಿದರು. ಬಿಸಿಲಿಗೆ ತಿರುಗಿಸಿ ಇನ್ನೊಮ್ಮೆ ನೋಡಿದರು.

"ಹಾಲಲ್ಲು ನಿಜ ಕಣವ್ವ. ಆದ್ರೆ ಸವ್ದು ಸವ್ದು ಬುಡಕ್ಕೆ ಬಂದವೆ. ಇದ್ಯಾವ ಸೀಮೆ ಮರಿ? ಮುದ್ಕಿ ಇದು. ನನ್ ವಾರ್ಗೆ."

"ಸುಮ್ನಿರಿ ಮಾವ, ಎರಡು ತಿಂಗ್ಳು ಅಂತ ಬರ್ದವ್ರೆ" ಎಂದು ಸುಕನ್ಯ ಒಳಗೆ ಹೋದಳು.

ನನಗೆ ಅಳು ಬಂತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ನೋಡಿದರು. ಅಂದಿನಿಂದ ಗೌಡರಿಗೆ ನಾನು ಮುದ್ಕಿ. ಬೆಳಗಿನ ಬಿಸಿಲಿಗೆ ಗೋಣಿಚೀಲ ಹಾಸಿ ಮಲಗಿಸುವರು. ರಾಗಿ ಗಂಜಿ ಆರಿಸಿ ಕೊಡುವರು. ಮೊಮ್ಮಕ್ಕಳು ಚೆಂಡು ತಂದರೆ "ಓಗ್ರಲಾ, ವಯಸ್ಸಾದವ್ರನ್ನ ಓಡುಸ್ತಾರಾ?" ಎಂದು ಗದರುವರು. ಇಬ್ಬರೂ ಬಿಸಿಲು ಕಾಯುತ್ತಾ ಕೂರುತ್ತಿದ್ದೆವು. ಮುದಿತನ ಎಷ್ಟು ಹಾಯಾದದ್ದು ಎಂದು ನನಗೆ ತಿಳಿದದ್ದು ಅಲ್ಲಿ. ಇಲ್ಲೇ ಸಾಯುತ್ತೇನೆ ಎಂದುಕೊಂಡೆ, ಅದು ನನಗೆ ಸಂತೋಷವೇ ಆಗಿತ್ತು.

ಆದರೆ ಕಸುಬಿನ ಹೆಮ್ಮೆ ಬಿಡಬೇಕಲ್ಲ. ಎರಡನೇ ವರ್ಷ ಒಂದು ದಿನ ಅವರ ಹಳೆಯ ಸಂತೆಯ ಗೆಳೆಯರಿಬ್ಬರು ಬಂದರು. ಗೌಡರು ನನ್ನನ್ನು ಎತ್ತಿ ಅವರ ಮುಂದಿಟ್ಟು, "ಬಾಯಿ ನೋಡ್ರಪ್ಪ, ವಯಸ್ಸು ಯೋಳಿ ನೋಡವ" ಎಂದು ಪಂಥ ಹೂಡಿದರು. ಇಬ್ಬರೂ ಬೆರಳು ಹಾಕಿ ನೋಡಿ, ಒಂದೇ ಬಾಯಲ್ಲಿ ಹತ್ತರ ಮೇಲೆ ಎಂದರು. ಗೌಡರು ತೊಡೆ ತಟ್ಟಿ ನಕ್ಕರು. ಕಾಫಿ ತಂದ ಸುಕನ್ಯ ತಟ್ಟೆ ಹಿಡಿದುಕೊಂಡೇ ನಿಂತಳು. ಮಾವ ಒಬ್ಬರೇ ಹೇಳಿದಾಗ ನಂಬಿರಲಿಲ್ಲ, ಮೂವರು ಹೇಳಿದಾಗ ನಂಬಿದಳು.

"ಮುದ್ಕಿನ ಮರಿ ಅಂತ ಮಾರವ್ನೆ, ಎಷ್ಟು ಧೈರ್ಯ ಅವ್ನಿಗೆ!" ಎಂದು ಮರುದಿನವೇ ನನ್ನನ್ನು ಎತ್ತಿಕೊಂಡು ಮೈಸೂರಿನ ಬಸ್ಸು ಹತ್ತಿದಳು. ಗೌಡರು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಬಾಗಿಲಲ್ಲಿ ನಿಂತು ಅವರು, "ನನ್ ಬಾಯ್ಗೆ ಮಣ್ಣಾಕ, ಸುಮ್ನಿರಬಾರ್ದಾಗಿತ್ತಾ ನಾನು" ಎಂದು ಬಾಯಿ ಬಾಯಿ ಬಡಿದುಕೊಂಡರು. ಪಾಪ, ಅವರು ಹೇಳಿದ್ದು ಸುಳ್ಳಲ್ಲ. ನಿಜ ಹೇಳಿದವರು ಅವರೊಬ್ಬರೇ, ಅದರಿಂದಲೇ ನನ್ನ ಮನೆ ಹೋಯಿತು.

ಸುಕನ್ಯ ಕೂಗಾಡಿ ಹೋದ ಮೇಲೆ ಯೋಗಾನಂದ ನನ್ನ ಬಾಯಿಯನ್ನು ಬಹಳ ಹೊತ್ತು ನೋಡಿದ. "ನಿನ್ನ ಬಂಡವಾಳ ಬಯಲು ಮಾಡಿದ್ದು ಈ ಹಲ್ಲು ತಾನೇ" ಎಂದ. ಕೀಳುವ ಮುನ್ನ ಮತ್ತಿನ ಮದ್ದು ಕೊಟ್ಟರು, ಅಷ್ಟರಮಟ್ಟಿಗೆ ಪುಣ್ಯವಂತರು. ಎಚ್ಚರವಾದಾಗ ನಾಲಗೆ ಎಲ್ಲಿ ಹೊರಳಿಸಿದರೂ ಬರೀ ವಸಡು, ರಕ್ತ. ಎಡಗಡೆಯ ಮುರಿದ ಹಲ್ಲಿಗಾಗಿ ಹುಡುಕಿದೆ. ಅದೂ ಇರಲಿಲ್ಲ. ಗಾಯ ಮಾಯ್ದ ಮೇಲೆ ಅವನು ನನ್ನ ವಯಸ್ಸನ್ನು ಎರಡು ತಿಂಗಳಿನಿಂದ ಇಪ್ಪತ್ತು ದಿನಕ್ಕೆ ಇಳಿಸಿದ. ಹಲ್ಲಿಲ್ಲದ ಬಾಯಿ, ಪೊರೆ ಬಂದು ನೀಲಿಗಟ್ಟಿದ ಕಣ್ಣು, ನಡುಗುವ ಕಾಲು. ಎಳೆಯ ಮರಿಗೂ ಇವೇ ಇರುತ್ತವಂತೆ.

ಮೊನ್ನೆ ಸೋಮವಾರ ಮಧ್ಯಾಹ್ನ ಅಂಗಡಿಯ ಬಾಗಿಲು ತೆರೆಯಿತು. ಮುಖ ಕಾಣಲಿಲ್ಲ. ಆದರೆ ನನ್ನ ಮೂಗನ್ನು ಯಾರೂ ಕೆಡಿಸಿಲ್ಲ. ಮೇದಿನಿ! ಏಳು ವರ್ಷದ ಮೇಲೂ ಅದೇ ವಾಸನೆ. ನಾನು ಕಿರುಚಿದೆ, ಕಂಬಿ ಕೆರೆದೆ, ಬಿದ್ದೆ, ಎದ್ದೆ.

"ಅಯ್ಯೋ, ಇದು ಥೇಟ್ ನಮ್ಮ ಮರಿ!" ಎಂದಳು.

"ಈ ಜಾತಿ ಎಲ್ಲ ಒಂದೇ ಅಚ್ಚು ಮೇಡಂ. ಎತ್ಕೊಳಿ, ಎತ್ಕೊಳಿ" ಎಂದ ಯೋಗಾನಂದ.

ಎತ್ತಿಕೊಂಡಳು. ಅವಳ ಕತ್ತು, ಕೆನ್ನೆ, ಕಿವಿ ಎಲ್ಲ ನೆಕ್ಕಿದೆ. ಅವಳು ನಗುತ್ತಿದ್ದವಳು ತಟ್ಟನೆ ನಿಲ್ಲಿಸಿ, ಎಡಗಡೆಯ ತುಟಿಯನ್ನು ಹೆಬ್ಬೆರಳಿನಿಂದ ಎತ್ತಿದಳು. ಅವಳ ಉಸಿರು ನಿಂತದ್ದು ನನಗೆ ತಿಳಿಯಿತು. ನೋಡು ತಾಯಿ, ನೋಡು, ನಾನೇ! ಬೆರಳು ಖಾಲಿ ವಸಡಿನ ಮೇಲೆ ಹೋಗಿ ಬಂತು.

"ನಮ್ಮದಕ್ಕೆ ಇಲ್ಲೊಂದು ಹಲ್ಲು ಮುರಿದಿತ್ತು. ಇದಕ್ಕೆ ಹಲ್ಲೇ ಇಲ್ವಲ್ಲ."

"ಇಪ್ಪತ್ತು ದಿನದ ಮರಿ ಮೇಡಂ, ಇನ್ನೂ ಹುಟ್ಟಿಲ್ಲ. ಕಣ್ಣೂ ಈಗ ಬಿಟ್ಟಿದೆ, ನೀಲಿ ನೋಡಿ."

"ನನಗೂ ಹುಚ್ಚು" ಎಂದು ಅವಳು ಮೂಗು ಒರೆಸಿಕೊಂಡಳು. "ಅದು ಸತ್ತು ಏಳು ವರ್ಷ ಆಯ್ತು."

"ತಗೊಂಡ್ಹೋಗಿ ಮೇಡಂ. ಸಾಯೋ ತನಕ ಹೀಗೇ ಇರತ್ತೆ."

"ಅದಕ್ಕೇ ಬೇಡ. ನಾನು ಬೆಳೆದೆ, ಅದು ಬೆಳೀಲಿಲ್ಲ ಅಂತ ಅದರ ಮೇಲೇ ಬೇಜಾರು ಮಾಡಿಕೊಂಡೆ. ಅದೇನು ತಪ್ಪು ಮಾಡಿತ್ತು? ನಾವು ಕೊಳ್ತಾ ಇದ್ರೆ ಅವರು ಮಾಡ್ತಾನೇ ಇರ್ತಾರೆ. ಬೆಳೆಯೋ ಮರಿ ಇದ್ರೆ ಕೊಡಿ."

ಅವಳು ಹೇಳಿದ್ದು ಸರಿ. ಮಾತು ಬರುತ್ತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನನ್ನಂಥವಳನ್ನು ಇನ್ನು ಯಾರೂ ಮಾಡಬಾರದು, ಯಾರೂ ಕೊಳ್ಳಬಾರದು. ಆದರೆ ಮಾಡಿಯಾಗಿರುವ ನಾನು ಎಲ್ಲಿಗೆ ಹೋಗಲಿ? ಅದನ್ನು ಯಾರೂ ಯೋಚಿಸಲಿಲ್ಲ. ಅವಳು ನನ್ನನ್ನು ಮೆತ್ತಗೆ ಗೂಡಿನೊಳಗೆ ಬಿಟ್ಟು ಚಿಲಕ ಹಾಕಿದಳು.

ಪಕ್ಕದ ಗೂಡಿನಿಂದ ಒಂದು ಕರಿಯ ನಾಟಿ ಮರಿಯನ್ನು ಆರಿಸಿದಳು. ದೊಡ್ಡ ಪಾದ, ಚೂಪು ಹಲ್ಲು, ಬೆಳೆಯುವ ಮರಿ. ಕೊರಳಿಗೆ ಪಟ್ಟಿ ಕಟ್ಟಿ ಕೆಳಗೆ ಬಿಟ್ಟಳು. ಬಾಗಿಲ ಬಳಿ ಹೋಗಿ ತಿರುಗಿ ನಿಂತು, "ಬಾ, ಮರೀ" ಎಂದಳು.

ಅದು ಓಡಿತು. ನಾನೂ ಎದ್ದೆ. ಎಷ್ಟು ವಯಸ್ಸಾದರೂ ಆ ದನಿಗೆ ಕಾಲು ತಾನಾಗಿ ಏಳುತ್ತದೆ, ಏನು ಮಾಡಲಿ. ಮಂಡಿ ನಡುಗಿತು, ಎರಡು ಸಲ ಮುಗ್ಗರಿಸಿದೆ, ಕಂಬಿಗೆ ಮೂಗು ತಾಗುವವರೆಗೂ ಹೋದೆ. ಬಾಗಿಲು ಮುಚ್ಚಿತ್ತು. ಆಗಷ್ಟೇ ಒಳಗೆ ಬಂದಿದ್ದ ಹೆಂಗಸೊಬ್ಬಳು ನನ್ನ ಮುಂದೆ ಬಗ್ಗಿ, ತನ್ನ ಮಗುವನ್ನು ಕರೆದಳು.

"ಪುಟ್ಟಾ, ಬಾ ಇಲ್ಲಿ, ನೋಡು! ಈಗಷ್ಟೇ ನಡೆಯೋದು ಕಲೀತಾ ಇದೆ."