ಎಣ್ಣೆ ಸಿಡಿದು ನಿಲ್ಲುವವರೆಗೆ

"ಕಾಗದ ಎತ್ತಿ ಹಿಡ್ಕೊಳ್ಳಿ, ಎಣ್ಣೆ ಸಿಡಿಯುತ್ತೆ," ಎನ್ನುತ್ತ ಹೋಟೆಲಿನ ಹುಡುಗಿ ಕಾದ ಕಬ್ಬಿಣದ ತಟ್ಟೆಗಳನ್ನು ಮೇಜಿನ ಮೇಲಿಟ್ಟಳು. ಕುರಿಹಾರಾ ಶಿಗೆಯೊ ಮತ್ತು ಅವನ ಹನ್ನೆರಡು ವರ್ಷದ ಮಗಳು ಸಯೊ ಅಷ್ಟರಲ್ಲಾಗಲೇ ತಟ್ಟೆಯಡಿಯ ಕಾಗದದ ಅಂಚನ್ನು ಎರಡೂ ಕೈಯಲ್ಲಿ ಗಲ್ಲದವರೆಗೆ ಎತ್ತಿದ್ದರು. ಹಮಾಮತ್ಸುವಿನಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

"ಅನ್ನ ದೊಡ್ಡ ಪ್ಲೇಟು ಹೇಳ್ಲಾ?" ಶಿಗೆಯೊ ಮಗಳನ್ನು ಕೇಳಿದ.

"ಬೇಡಪ್ಪಾ. ನಾನೇನು ಸುಮೊ ಪೈಲ್ವಾನಾ?"

"ಮತ್ತೆ ಕೆನ್ನೆ ನೋಡಿದ್ರೆ ಹಾಗೇ ಅನ್ಸುತ್ತೆ."

ಈ ಮಾತಿಗೆ ಅವಳು ಯಾವಾಗಲೂ ನಗುತ್ತಿದ್ದಳು. ಇವತ್ತು ನಗಲಿಲ್ಲ.

ವಿಚ್ಛೇದನವಾದಾಗ ಮಗಳು ತಾಯಿಯ ಪಾಲಾದಳು. ಶಿಗೆಯೊನ ಪಾಲಿಗೆ ಉಳಿದದ್ದು ತಿಂಗಳಿಗೊಂದು ಭಾನುವಾರದ ಈ ಹ್ಯಾಂಬರ್ಗ್ ಎಂಬ ಮಾಂಸದುಂಡೆಯ ಊಟ. ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಈಗ ಅದೂ ಇಲ್ಲ. ಪಿಯಾನೊ ಕಾರ್ಖಾನೆಯಲ್ಲಿ ಹಲಗೆ ಉಜ್ಜಿ ಉಜ್ಜಿ ಬೆರಳು ಜಡ್ಡುಗಟ್ಟಿದ ಹಾಗೆ ಒಳಗೂ ಏನೋ ಜಡ್ಡುಗಟ್ಟಿತ್ತು. ಆದರೂ ಈ ಒಂದು ದಿನ ಕೈತಪ್ಪಿದರೆ ಮಗಳನ್ನು ನೋಡಲು ಬೇರೆ ದಿನವೇ ಇಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೋಟೆಲಿನ ಹುಡುಗಿ ಮಾಂಸದ ಉಂಡೆಯನ್ನು ಎರಡು ಹೋಳು ಮಾಡಿ, ಕೆಂಪಗಿದ್ದ ಒಳಭಾಗವನ್ನು ಕಾದ ಕಬ್ಬಿಣಕ್ಕೆ ಒತ್ತಿ, ಮೇಲೆ ಈರುಳ್ಳಿ ರಸ ಸುರಿದಳು. ಚೊಂಯ್ ಎಂದಿತು. ಎರಡೂ ಕಾಗದಗಳು ಮುಖದ ಮೇಲಕ್ಕೇರಿದವು.

"ಅಪ್ಪಾ, ಏಪ್ರಿಲಿಂದ ನಾನು ಬರಲ್ಲ," ಕಾಗದದಾಚೆಯಿಂದ ಸಯೊ ಅಂದಳು. "ಅಮ್ಮ ಹೇಳ್ಕೊಟ್ಟಿದ್ದಲ್ಲ. ನಂಗೇ ಸಾಕು ಅನ್ಸಿದೆ."

ಒಂದಕ್ಷರವೂ ಬಿಡದೆ ಕೇಳಿಸಿತು. ಎದೆಯೊಳಗೆ ಏನಾದರೂ ಆಗುತ್ತದೆಂದು ಶಿಗೆಯೊ ಕಾದ. ಏನೂ ಆಗಲಿಲ್ಲ. ಅಂಗಿಯ ತೋಳಿಗೆ ಎಣ್ಣೆ ಹಾರಿದೆ, ಕಲೆ ಹೋಗುವುದಿಲ್ಲ ಎಂದಷ್ಟೇ ಅನ್ನಿಸಿತು.

ಸದ್ದು ಅಡಗಿತು. ಸಯೊ ಕಾಗದ ಇಳಿಸಿದಳು. ಅವನು ಇಳಿಸಲಿಲ್ಲ.

"ಸಿಡಿಯೋದು ನಿಂತೋಯ್ತಪ್ಪ. ನಾನು ಹೇಳಿದ್ದು ಕೇಳಿಸ್ತಾ?"

ಅವನು ಆಗ ಕಾಗದ ಇಳಿಸಿದ. "ಏನಂದೆ? ಕಾರ್ಖಾನೆ ಸದ್ದು ನನ್ನ ಕಿವೀನೇ ತಿಂದುಹಾಕಿದೆ ಮಾರಾಯ್ತಿ. ಅದರ ಜೊತೆ ಈ ಚೊಂಯ್ ಬೇರೆ."

ಜಾಣಕಿವುಡು ಗೊತ್ತಾಗದಷ್ಟು ಚಿಕ್ಕವಳಲ್ಲ ಅವಳು. ಸ್ವಲ್ಪ ಹೊತ್ತಿನ ಮುಂಚೆ ಬೆನ್ನ ಹಿಂದೆಲ್ಲೋ ಚಮಚ ಬಿದ್ದಾಗ ಥಟ್ಟನೆ ತಿರುಗಿ ನೋಡಿದ್ದ ಅಪ್ಪನೇ ಈತ. ಅವಳು ಫೋರ್ಕ್ ಎತ್ತಿಕೊಂಡಳು.

"ಏನಿಲ್ಲ. ಮುಂದಿನ ತಿಂಗಳು ಹೇಳ್ತೀನಿ ಬಿಡು."

"ಹೂಂ. ಮುಂದಿನ ತಿಂಗಳು ಹೇಳು."

ಅವನು ಹೊಗೆಯಾಡುತ್ತಿದ್ದ ದೊಡ್ಡ ತುಂಡೊಂದನ್ನು ಹಾಗೇ ಬಾಯಿಗಿಟ್ಟುಕೊಂಡ.

"ಅಯ್ಯೋ ಅಪ್ಪಾ, ಊದ್ಕೊಂಡು ತಿನ್ನು, ಬಿಸಿ!"

ಅವನು ಅಗಿಯುತ್ತಲೇ ಇದ್ದ. ನಾಲಿಗೆಗೆ ಬಿಸಿ ತಿಳಿಯಲಿಲ್ಲ; ಕಣ್ಣಲ್ಲಿ ಮಾತ್ರ ನೀರು ತುಂಬಿಕೊಂಡಿತು. ಸಯೊ ತನ್ನ ನೀರಿನ ಲೋಟವನ್ನು ಅವನತ್ತ ಸರಿಸಿದಳು. ಆಮೇಲೆ ತಲೆ ತಗ್ಗಿಸಿ, ತನ್ನ ತಟ್ಟೆಯ ಮಾಂಸವನ್ನು ಬಹಳ ಸಣ್ಣಸಣ್ಣ ತುಂಡುಗಳಾಗಿ ಕತ್ತರಿಸತೊಡಗಿದಳು.